ಬೀಜಕ್ಕೆ ಬಿಟ್ಟ ಬದನೆಕಾಯಿ

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅಲಕಾ ದೇಶಪಾಂಡೆ ಬಾಲ್ಕನಿಯ ಬಾಗಿಲು ತೆರೆದಾಗ ಅವರ ಬದನೆ ಗಿಡಗಳ ಎಲೆಗಳೆಲ್ಲ ಹುರಿಯಂತೆ ಹೊಸೆದುಕೊಂಡಿದ್ದವು. ಆಕಾಶ ನೋಡಬೇಕಾದ ಚಿಗುರು ನೆಲ ನೋಡುತ್ತಿತ್ತು. ದಂಟು ಅಲ್ಲಲ್ಲಿ ಉಬ್ಬಿತ್ತು. ಬಾಲ್ಕನಿಯಲ್ಲಿ ಬೇವಿನೆಣ್ಣೆಯ ವಾಸನೆ ಇತ್ತು. ಅದರ ಜೊತೆಗೆ ಫಿನಾಯಿಲಿನಂಥ ಇನ್ನೊಂದು ವಾಸನೆಯೂ ಇತ್ತು.

ಶನಿವಾರ ಅವರು ಮುಧೋಳದ ಮಗಳ ಮನೆಗೆ ಹೊರಟಾಗ ಗಿಡಗಳು ನೆಟ್ಟಗಿದ್ದವು. ಸೋಮವಾರ ಕೊನೆಯ ಬಸ್ಸಿಗೆ ಜಮಖಂಡಿಗೆ ಬಂದವರು ಕತ್ತಲಲ್ಲಿ ಬಾಲ್ಕನಿ ಕಡೆ ಹೋಗಿರಲಿಲ್ಲ.

"ಏನ್ರಿ, ಇವಕ್ಕ ಏನ್ ಮಾಡೀರಿ?" ಎಂದು ಒಳಗೆ ಚಹಾ ಸೋಸುತ್ತಿದ್ದ ಗಂಡನನ್ನು ಕೇಳಿದರು.

"ನಾ ಏನೂ ಮಾಡಿಲ್ಲ."

ಪ್ರಹ್ಲಾದರಾವ್ ಹೇಳಿದ್ದು ಸುಳ್ಳಲ್ಲ. ಅವರು ಜೀವಮಾನದಲ್ಲಿ ಏನನ್ನೂ ಮಾಡಿದವರಲ್ಲ. ಮಾಡುವವರಿಗೆ ಬಾಗಿಲು ತೆರೆದುಕೊಟ್ಟವರು. ಸರ್ಕಾರಿ ಕಚೇರಿಯ ನೌಕರಿಯಲ್ಲಿ ಇದೇ ಗುಣ ಅವರನ್ನು ಪಿಂಚಣಿಯವರೆಗೂ ಸುರಕ್ಷಿತವಾಗಿ ತಂದು ಬಿಟ್ಟಿತ್ತು.

"ಎದುರಿನ ಮುತ್ತಣ್ಣಾವರು ಬಂದಿದ್ರು," ಎಂದರು. "ಹುಳಕ್ಕ ಬೇವಿನೆಣ್ಣಿ ಹೊಡದು ಹೋದ್ರು. ಪಂಪ್ ಅವರದ, ಎಣ್ಣಿನೂ ಅವರದ. ಬ್ಯಾಡ ಅನ್ನಲಿಕ್ಕೆ ಬರ್ತದೇನು?"

ಅಲಕಾ ಬಗ್ಗಿದರು. ಮೂಲೆಯ ಕುಂಡದ ಗಿಡದಲ್ಲಿ ಕೆಂಪು ದಾರ ಕಟ್ಟಿದ್ದ ಒಂದೇ ಒಂದು ಕಾಯಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಕಾಯಿ ಇನ್ನೂ ತೊಟ್ಟಿನಲ್ಲಿತ್ತು. ಬುಡದಲ್ಲಿ ಮಾತ್ರ ಸ್ವಲ್ಪ ಹಳದಿ ತಿರುಗಿತ್ತು. ಉಳಿದದ್ದು ಹಸಿರು.

ಆ ಕಾಯಿಯ ವಿಷಯ ಇಷ್ಟು. ಅಲಕಾ ಅವರ ತವರು ಬೀಳಗಿ ತಾಲೂಕಿನ ಹೊಳೆಸಾಲಿನ ಒಂದು ಊರು. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಯಿತು. ಊರಿನವರೆಲ್ಲ ಬಾಗಿಲು, ತೊಲೆ, ದೇವರ ಕಲ್ಲು ಸಾಗಿಸುವಾಗ ಅವರ ತಾಯಿ ಹಿತ್ತಿಲ ಬದನೆಯ ಬೀಜವನ್ನೂ ಒಯ್ದರು. ಗುಂಡಗಿನ, ತಿಳಿ ಹಸಿರಿನ, ತೊಟ್ಟಿನ ತುಂಬ ಮುಳ್ಳಿರುವ ಬದನೆ. ಹೊಸ ಊರಿನಲ್ಲಿ ಅವರು ಪ್ರತಿ ವರ್ಷ ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಡಿಯುತ್ತಿದ್ದರು. ಒಣಗಿದ ಆ ಬಿಲ್ಲೆಯೊಳಗೆ ಬೀಜಕ್ಕೆ ಹುಳ ಬೀಳುವುದಿಲ್ಲ. ತಾಯಿ ತೀರಿಕೊಂಡ ಮೇಲೆ ಅಣ್ಣ ಮನೆ ಮಾರಿದ. ಅಲಕಾ ಗೋಡೆಯಿಂದ ಬಿಲ್ಲೆಯನ್ನು ಸೌಟಿನಲ್ಲಿ ಕಿತ್ತು ಜಮಖಂಡಿಗೆ ತಂದರು. ಬೀಜ ಹಳೆಯದಾಗುತ್ತಿದೆಯೆಂದು ಈ ವರ್ಷ ಜೂನ್‌ನಲ್ಲಿ ಎಲ್ಲವನ್ನೂ ಬಿತ್ತಿದರು. ಕೆಲವು ಸಸಿಗಳು ಬಂದವು. ಮೊದಲ ಕಾಯಿಗಳನ್ನು ಕಾಯಿಕೊರಕ ತಿಂದಿತು. ನಂತರ ಬಂದದ್ದರಲ್ಲಿ ಒಂದನ್ನು ಬೀಜಕ್ಕೆಂದು ಬಿಟ್ಟು ದಾರ ಕಟ್ಟಿದರು. ಇನ್ನು ಎರಡು ವಾರ ಗಿಡ ಬದುಕಿದ್ದರೆ ಕಾಯಿ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು, ಬೀಜ ಬಲಿಯುತ್ತಿತ್ತು. ಬಲಿಯದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು.

ಇಂಥ ಬೀಜ ಬಾಲ್ಕನಿಯಲ್ಲಿ ಕುಂಡವಾಗಿಟ್ಟ ಹಳೆಯ ಬಣ್ಣದ ಡಬ್ಬಿಗೆ ಬಂದು ಬಿದ್ದದ್ದಕ್ಕೆ ಅಲಕಾ ಅವರಿಗೆ ನಾಚಿಕೆಯಿತ್ತು. ಆ ನಾಚಿಕೆಯನ್ನು ಅವರು ಅಕ್ಕಪಕ್ಕದವರ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಅಕ್ಕಪಕ್ಕದವರೂ ಅದಕ್ಕೆ ತಕ್ಕವರೇ. ಕುಡಚಿ ರಸ್ತೆಯ ಆ ಕಟ್ಟಡದಲ್ಲಿ ಎರಡು ಬಗೆಯ ಜನ. ಒಂದು, ಪಿಂಚಣಿದಾರರು. ಇನ್ನೊಂದು, ಮಕ್ಕಳ ಇಂಗ್ಲಿಷ್ ಶಾಲೆಗಾಗಿ ಫ್ಲ್ಯಾಟು ಕೊಂಡ ಕಬ್ಬಿನ ಬೆಳೆಗಾರರು. ಎರಡೂ ಬಗೆಯವರಿಗೆ ಕೆಲವು ವರ್ಷಗಳಿಂದ ಕುಂಡದ ಹುಚ್ಚು ಹತ್ತಿದೆ. ಪಿಂಚಣಿದಾರರು ಎರಡು ಎಲೆ ಮೆಂತೆ ಕಿತ್ತು ತಟ್ಟೆಯಲ್ಲಿಟ್ಟು ಫೋಟೊ ತೆಗೆದು ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. "ನಮ್ಮ ಮನೆಯ ಸಾವಯವ ಕೃಷಿ" ಎಂದು ಕೆಳಗೆ ಬರೆಯುತ್ತಾರೆ. ಬೆಳೆಗಾರರದ್ದು ಇನ್ನೂ ನಗೆಪಾಟಲು. ಹೊಳೆದಂಡೆಯಲ್ಲಿ ಎಕರೆಗಟ್ಟಲೆ ಕಪ್ಪು ಭೂಮಿ. ಬದುವಿನವರೆಗೆ ಕಬ್ಬು. ಕರಿಬೇವನ್ನೂ ಸಂತೆಯಲ್ಲಿ ಕೊಂಡು ತಂದು, ಮೂರನೆಯ ಮಹಡಿಯಲ್ಲಿ ಬಕೆಟ್ಟಿಗೆ ಮಣ್ಣು ತುಂಬಿ ಪುದೀನಾ ನೆಡುತ್ತಾರೆ. ಆ ಮಣ್ಣನ್ನೂ ನರ್ಸರಿಯಿಂದ ಚೀಲದಲ್ಲಿ ಕೊಂಡು ತಂದಿರುತ್ತಾರೆ.

ಬೆಳೆಗಾರರಲ್ಲೊಬ್ಬನಾದ ಮುತ್ತಣ್ಣ ಅಷ್ಟನ್ನೂ ಮಾಡಿರಲಿಲ್ಲ. ಅಲಕಾ ಅವರ ಎದುರು ಫ್ಲ್ಯಾಟಿನ ಅವನ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿತ್ತು, ಗೋಡೆಗೆ ಪ್ಲಾಸ್ಟಿಕ್ ಬಳ್ಳಿ ಹಬ್ಬಿತ್ತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿಸುತ್ತಿದ್ದ. ಕಟ್ಟಡದ ಸಂಘಕ್ಕೆ ಅವನೇ ಅಧ್ಯಕ್ಷ. ಬೇರೆಯವರೆಲ್ಲ ತಮಗೆ ಬೇಡವೆಂದದ್ದರಿಂದ ಆದವನು. ತನ್ನನ್ನು ಎಲ್ಲರೂ ಬೇಡಿ ಕರೆದರೆಂದು ನಂಬಿದ್ದ.

ಜೂನ್‌ನಲ್ಲಿ ಅವನ ಹೆಂಡತಿ ಮಾಲಾ ಅಲಕಾ ಅವರ ಟ್ರೇಯಲ್ಲಿ ಸಸಿಗಳನ್ನು ನೋಡಿ ಕೇಳಿದ್ದಳು. "ಅಕ್ಕಾರ, ಒಂದೆರಡ ಸಸಿ ಕೊಡ್ರಿ ನಮಗೂ. ಹೊಲದ ಮನಿ ಹಿಂದ ಹಚ್ಚತೀನಿ. ಅಲ್ಲೆ ಬಚ್ಚಲ ನೀರ ಸುಮ್ಮನ ಹರದ ಹೊಕ್ಕೈತಿ."

"ನಿಮಗ ಕಬ್ಬಿನ ಹೊರತು ಬ್ಯಾರೆ ಗಿಡದ ಗುರ್ತು ಹತ್ತದೇನ್ರಿ ಮಾಲಾ?" ಎಂದಿದ್ದರು ಅಲಕಾ. "ಕಸ ಅಂತ ಕಿತ್ತು ಒಗದೀರಿ."

ಮಾಲಾ ನಕ್ಕು ಹೋದಳು. ಕುಂಡಗಳಿಗೆ ಹಚ್ಚಿ ಉಳಿದ ಸಸಿಗಳು ಟ್ರೇಯಲ್ಲೇ ಇದ್ದು, ಜುಲೈಯ ಬಿಸಿಲಿಗೆ ಒಣಗಿ ಹೋದವು.

ಅಕ್ಟೋಬರಿನಲ್ಲಿ ಬದನೆಯ ಎಲೆಯಡಿ ಹಿಟ್ಟು ಚೆಲ್ಲಿದಂಥ ಬಿಳಿ ಹುಳ ಬಂತು. ಅಲಕಾ ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ, "ಇದು ಯಾರ ಬಾಲ್ಕನಿಯಿಂದ ಬಂದದ್ದು?" ಎಂದು ಕೇಳಿದರು. ಮುತ್ತಣ್ಣ, "ನಮ್ಮಲ್ಲಿ ಹುಳ ಇಲ್ಲ" ಎಂದು ಬರೆದ. "ಪ್ಲಾಸ್ಟಿಕ್ಕಿಗೆ ಹುಳ ಹತ್ತೂದಿಲ್ಲ, ಗೊತ್ತದ" ಎಂದು ಅಲಕಾ ಬರೆದರು. ಅದಕ್ಕೆ ಹನ್ನೊಂದು ಮಂದಿ ನಗುವ ಮುಖ ಹಾಕಿದರು. ರೈತನಾದವನ ಮರ್ಯಾದೆ ಹೋಯಿತೆಂದು ಮುತ್ತಣ್ಣನಿಗೆ ಆ ದಿನ ಅನಿಸಿತು. ರೈತ ಎಂಬುದು ಅವನಿಗೆ ಇಂಥ ದಿನಗಳಲ್ಲಿ ಮಾತ್ರ ನೆನಪಾಗುತ್ತಿತ್ತು. ಉಳಿದ ದಿನ ಹೊಲ ಆಳುಗಳದ್ದು, ಕಬ್ಬಿನ ಬಿಲ್ಲಿನ ಹಣ ಅವನದ್ದು.

ಶನಿವಾರ ಮಧ್ಯಾಹ್ನ ಅಲಕಾ ಇಲ್ಲದ್ದನ್ನು ನೋಡಿಕೊಂಡು ಅವನು ಬೆನ್ನಿಗೆ ಬ್ಯಾಟರಿ ಪಂಪ್ ಏರಿಸಿ ಬಂದು ಬೆಲ್ ಒತ್ತಿದ. ಪ್ರಹ್ಲಾದರಾವ್ ಬಾಗಿಲು ತೆರೆದರು. ಎಕರೆಗಟ್ಟಲೆ ಹೊಲಕ್ಕೆ ಹೊಡೆಯುವ ಪಂಪಿನಿಂದ ಅವನು ನಾಲ್ಕಾರು ಕುಂಡಗಳಿಗೆ ಎಲೆಯಿಂದ ಹನಿ ಇಳಿಯುವ ಹಾಗೆ ಹೊಡೆದ.

ಇದನ್ನೆಲ್ಲ ಗಂಡನ ಬಾಯಿಂದ ಹೊರಡಿಸಿಕೊಂಡ ಮೇಲೆ ಮಂಗಳವಾರ ಏಳು ಗಂಟೆಗೆ ಅಲಕಾ ಕೆಳಗಿಳಿದರು. ಮುತ್ತಣ್ಣ ಪಾರ್ಕಿಂಗಿನಲ್ಲಿ ಜೀಪು ತೊಳೆಯುತ್ತಿದ್ದ. ಪಂಪ್ ಜೀಪಿನ ಹಿಂದೆ ಬಿದ್ದಿತ್ತು. ಅವರು ಕೇಳದೆ ಅದರ ಮುಚ್ಚಳ ತಿರುಗಿಸಿ ಮೂಸಿ ನೋಡಿದರು. ಬಾಲ್ಕನಿಯ ವಾಸನೆಯೇ, ನಾಲ್ಕು ಪಟ್ಟು.

"ಇದರಾಗ ಏನು ಹಾಕಿದ್ರಿ?"

"ಬೇವಿನೆಣ್ಣಿರೀ ಬಾಯಾರ. ಛಲೋ ಕಂಪನೀದು."

"ಅದಕ್ಕ ಮೊದಲ?"

"ನೀರು."

"ಅದಕ್ಕ ಮೊದಲ?"

ಮುತ್ತಣ್ಣ ಗಾಲಿಯ ಕಡೆ ನೋಡಿದ. "ತೊಳದೇನ್ರೀ. ನೀರ ಹಾಕಿ ಕುಲುಕ್ಯಾಡಿ ಚೆಲ್ಲೇನಿ."

"ಏನಿತ್ತು ಅಂತ ತೊಳದ್ರಿ?"

"ಪಂಪ್ ಅಂದ ಮ್ಯಾಲ ತೊಳೀತೀವ್ರೀ." ಅವನು ದನಿ ಏರಿಸಿದ. "ಎಲಿ ಮುರುಟ್ಯಾವ ಅಂದ್ರ ಅದು ಮುಟುರು ರೋಗ. ವೈರಸ್. ಗಾಳ್ಯಾಗ ಬರತೈತಿ. ನಾ ಒಕ್ಕಲತನ ಮಾಡಾಂವ ಅದೇನಿ, ನನಗ ಗೊತ್ತಿಲ್ಲೇನ್ರೀ?"

ಅವನಿಗೆ ಗೊತ್ತಿತ್ತು. ಸುಳ್ಳಿನ ತೂಕ ಇರುವುದೇ ಅಲ್ಲಿ. ಕಬ್ಬಿನಲ್ಲಿ ಅಗಲ ಎಲೆಯ ಕಸ ಬಂದಾಗ ಹೊಡೆಯುವ ಔಷಧಕ್ಕೆ ಈ ಕಡೆ ಕಸದ ಎಣ್ಣಿ ಎನ್ನುತ್ತಾರೆ. ಡಬ್ಬಿಯ ಮೇಲೆ ಟೂ-ಫೋರ್-ಡಿ ಎಂದಿರುತ್ತದೆ. ಕಬ್ಬು ಹುಲ್ಲಿನ ಜಾತಿ, ಅದಕ್ಕೆ ಏನೂ ಆಗುವುದಿಲ್ಲ. ಬದನೆ, ಟೊಮೆಟೊ, ಹತ್ತಿ ಆ ಔಷಧದ ಲೆಕ್ಕದಲ್ಲಿ ಕಸವೇ. ಪಂಪಿನ ನಳಿಗೆಯಲ್ಲಿ ಉಳಿದ ಅಂಶವೂ ಅವುಗಳಿಗೆ ಸಾಕು. ನಾಲ್ಕು ಬಗೆ ಬೆಳೆಯುವವರು ಇದಕ್ಕಾಗಿಯೇ ಎರಡು ಪಂಪ್ ಇಡುತ್ತಾರೆ. ಬದುವಿನವರೆಗೆ ಕಬ್ಬೊಂದನ್ನೇ ಹಚ್ಚಿದವನಿಗೆ ಒಂದು ಸಾಕು. ಅದನ್ನು ಅವನು ತೊಳೆದರೂ ತೊಳೆಯದಿದ್ದರೂ ಹೊಲದಲ್ಲಿ ಏನೂ ತಿಳಿಯುವುದಿಲ್ಲ. ಮುತ್ತಣ್ಣ ಆ ಔಷಧವನ್ನು ವರ್ಷಗಟ್ಟಲೆ ಹೊಡೆಸಿದ್ದ. ಗಾಳಿಗೆ ಹಾರಿ ಪಕ್ಕದವರ ಹೊಲದ ಗಿಡ ಹೀಗೇ ಮುರುಟಿದ್ದನ್ನು ನೋಡಿದ್ದ. ಆಗ ಪಕ್ಕದವನಿಗೂ ವೈರಸ್ ಎಂದೇ ಹೇಳಿದ್ದ.

"ಒಂದ ಮಾತು ಹೇಳ್ರಿ, ಸಾಕು," ಎಂದರು ಅಲಕಾ. "ಕಸದ ಎಣ್ಣಿ ಇತ್ತೋ ಇಲ್ಲೋ? ಇದ್ರ ವಿಷ ಬೀಜಕ್ಕ ಇಳಿಯೂಕಿಂತ ಮೊದಲ ನಾ ಈಗಲೇ ಕಾಯಿ ಕೀಳ್ತೀನಿ. ವೈರಸ್ ಆದ್ರ ಗಿಡ ಇಷ್ಟು ಲಗೂ ಸಾಯೂದಿಲ್ಲ, ಗಿಡದಾಗ ಬಿಡ್ತೀನಿ. ಬೀಜದ ಕಾಯಿ ಅದು."

"ಬಿಡ್ರಿ, ಬಿಡ್ರಿ. ಏನೂ ಆಗಂಗಿಲ್ಲ. ಒಂದು ಬದನಿಕಾಯಿ ಸಲುವಾಗಿ ಮುಂಜಾನೆದ್ದು ಇಷ್ಟ ಪಂಚಾಯ್ತಿ ಏನ್ರೀ? ಸಂತ್ಯಾಗ ಹತ್ತ ರೂಪಾಯಿಗೆ ಬುಟ್ಟಿಗಟ್ಟಲೆ ಸಿಗತಾವ."

ಮೇಲೆ ಬಂದಾಗ ಪ್ರಹ್ಲಾದರಾವ್ ಮೊಬೈಲಿನಲ್ಲಿ ಬದನೆಯ ರೋಗಗಳನ್ನು ಹುಡುಕಿ ತೆಗೆದಿದ್ದರು. "ನೋಡು, ವೈರಸ್ಸೇ ಅದ. ಇಲ್ಲೆ ಫೋಟೊ ಅದ."

"ಮೂರು ದಿನದಾಗ ಒಂದೇ ಸಲ ಎಲ್ಲಾ ಗಿಡಕ್ಕೂ ವೈರಸ್ ಬರ್ತದೇನ್ರಿ?"

"ಬರಬಹುದಲ್ಲ. ಮುತ್ತಣ್ಣಾವರು ಅನುಭವಸ್ಥರು."

ಅಲಕಾ ಅವರ ಮೂಗು ಒಂದು ಹೇಳುತ್ತಿತ್ತು, ಆಸೆ ಇನ್ನೊಂದು. ಹಸಿರು ಕಾಯಿಯನ್ನು ಈಗ ಕಿತ್ತರೆ ಬೀಜ ಅರೆಬಲಿತದ್ದು. ಬಿಟ್ಟರೆ, ಗಿಡ ಚೇತರಿಸಿಕೊಂಡರೆ, ಪೂರ್ತಿ ಬಲಿಯಬಹುದು. ಅವರು ಬಿಟ್ಟರು. ದಿನವೂ ಎಲೆಗೆ ನೀರು ಚಿಮುಕಿಸಿದರು. ಬುಧವಾರ ಹೂಗಳು ಉದುರಿದವು. ಗುರುವಾರ ದಂಟು ಸೀಳಿತು. ಶನಿವಾರದ ಹೊತ್ತಿಗೆ ಗಿಡಗಳು ಒಣಗಿದ ಹುಣಸೆ ಬರಲಿನಂತೆ ನಿಂತಿದ್ದವು. ಕಾಯಿಯ ತೊಟ್ಟು ಕಪ್ಪಾಗಿ, ಮುಟ್ಟಿದ ಕೂಡಲೇ ಕೈಗೆ ಬಂತು.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸಂಘದ ಸಭೆ ಸೇರಿತು. ಲಿಫ್ಟಿನ ರಿಪೇರಿ, ಕಸದ ಗಾಡಿ ಮುಗಿದ ಮೇಲೆ ಮುತ್ತಣ್ಣ ಎದ್ದು ನಿಂತು, ಕಟ್ಟಡದಲ್ಲಿ ಗಿಡಗಳಿಗೆ ವೈರಸ್ ಬಂದಿದೆ, ಎಲ್ಲರ ಕುಂಡಕ್ಕೂ ಹಬ್ಬುವ ಮೊದಲು ರೋಗದ ಗಿಡಗಳನ್ನು ತೆಗೆಯಿಸಬೇಕು, ಎಲ್ಲರ ಹಿತದ ಸಲುವಾಗಿ ಈ ಮಾತು ಎಂದ. ಎಲ್ಲರ ಹಿತ ಎಂದು ಅವನು ಹೇಳಿದಾಗೆಲ್ಲ ಅದರಲ್ಲಿ ಒಬ್ಬನ ಹಿತ ಇರುತ್ತಿತ್ತು.

ಅಲಕಾ ಕುಳಿತಲ್ಲಿಂದಲೇ ಹೇಳಿದರು. "ಪಂಪಿನಾಗ ಕಸದ ಎಣ್ಣಿ ಇತ್ತು ಅಂತ ಎಲ್ಲಾರ ಮುಂದ ಒಪ್ಪಿಕೋರಿ. ನಾನೇ ಗಿಡ ತಗೀತೀನಿ."

"ಪುರಾವೆ ಏನೈತ್ರೀ ಬಾಯಾರ? ನಿಮ್ಮ ಯಜಮಾನ್ರ ಮುಂದ ನಿಂತ ಹೊಡದೇನಿ. ಕೇಳ್ರಿ ಅವರನ್ನ. ರಾಯರ, ನಾ ಏನ ಹೊಡದೆ?"

ಎಲ್ಲರೂ ಪ್ರಹ್ಲಾದರಾವ್ ಕಡೆ ತಿರುಗಿದರು. ಅವರು ಹೆಂಡತಿಯನ್ನು ನೋಡಲಿಲ್ಲ. "ನನಗ ಕಂಡದ್ದು ಬೇವಿನೆಣ್ಣಿ," ಎಂದರು. "ಬಾಟ್ಲಿ ಮ್ಯಾಲ ಹಂಗೇ ಬರದಿತ್ತು."

"ಆತಲ್ಲ!" ಎಂದ ಮುತ್ತಣ್ಣ. "ರೋಗದ ಗಿಡ ತಗೀಬೇಕು ಅನ್ನಾವ್ರು ಕೈ ಎತ್ರಿ."

ಕೈಗಳು ಎದ್ದವು. ಪ್ರಹ್ಲಾದರಾವ್ ಅವರ ಕೈ ಭುಜದವರೆಗೆ ಬಂದು ಅಲ್ಲಿ ಕಿವಿ ತುರಿಸತೊಡಗಿತು. ಅದನ್ನೂ ಎಣಿಸಿದರು.

ಆಗ ಹಿಂದೆ ಹೆಂಗಸರ ನಡುವೆ ಕುಳಿತಿದ್ದ ಮಾಲಾ ಮಾತಾಡಿದಳು. ಎದ್ದು ನಿಲ್ಲಲಿಲ್ಲ, ದನಿ ಏರಿಸಲೂ ಇಲ್ಲ. "ಖರೆ ಹೇಳಾಕ ಏನ ಆಗೈತಿ ನಿಮಗ? ಹಿಂದಿನ ವಾರ ಬುಧವಾರ ಹೊಲದಾಗ ಕಸದ ಎಣ್ಣಿ ಹೊಡಿಸಿ ಅದ ಪಂಪ್ ಮನಿಗೆ ತಂದ್ರಿ. ವಾಸನಿಗೆ ತಲಿ ಸಿಡ್ಯಾಕತ್ತೈತಿ, ಹೊರಗ ಇಡ್ರಿ ಅಂದೆ. ಆ ಶನಿವಾರ ಅದನ್ನ ಹೊತಗೊಂಡ ಅಕ್ಕಾರ ಮನಿಗೆ ಹೋದ್ರಿ."

"ಲೇ, ನಿನ್ನ ಯಾರ ಕೇಳಿದ್ರ? ಸುಮ್ಕ ಕುಂದ್ರ."

"ಕುಂತಽ ಅದೇನಿ."

ಸಭೆ ನಕ್ಕಿತು. ಪಿಂಚಣಿದಾರರೊಬ್ಬರು, "ಅಧ್ಯಕ್ಷರ, ವೈರಸ್ ನಿಮ್ಮ ಮನ್ಯಾಗ ಅದ ನೋಡ್ರಿ," ಎಂದರು. ಆಮೇಲೆ ಸಭೆ ತನ್ನ ಯೋಗ್ಯತೆಗೆ ತಕ್ಕಂತೆ ತೀರ್ಮಾನಿಸಿತು: ಇನ್ನು ಮುಂದೆ ಕಟ್ಟಡದಲ್ಲಿ ಯಾರೇ ಔಷಧ ಹೊಡೆಯುವುದಿದ್ದರೂ ಪಂಪನ್ನು ಚೆನ್ನಾಗಿ ತೊಳೆಯತಕ್ಕದ್ದು. ತಪ್ಪು ಯಾರದೆಂದು ಎಲ್ಲಿಯೂ ಬರೆಯಲಿಲ್ಲ. ಮುತ್ತಣ್ಣನೇ ತರಿಸಿದ್ದ ಚುರಮರಿ, ಮಿರ್ಚಿ ಭಜಿ ಬಂದವು. ಹತ್ತು ನಿಮಿಷದ ಹಿಂದೆ ಅವನನ್ನು ನೋಡಿ ನಕ್ಕವರೇ ಅವನ ಕೈಯಿಂದ ಎರಡನೆಯ ಭಜಿ ಇಸಿದುಕೊಂಡರು. ಪ್ರಹ್ಲಾದರಾವ್ ಕೂಡ ತಿಂದರು.

ಸಂಜೆ ಮಾಲಾ ಬಂದು ಅಲಕಾ ಅವರ ಬಾಗಿಲು ತಟ್ಟಿದಳು. ಅಲಕಾ ಆ ಕಾಯಿಯನ್ನು ಕೊಯ್ದು, ಬೀಜಗಳನ್ನು ನೀರಿನಲ್ಲಿ ತೊಳೆದು, ಹಾಳೆಯ ಮೇಲೆ ಹರವಿದ್ದರು. ಬಹುಪಾಲು ಬೀಜ ಬಿಳಿಚಿಕೊಂಡು ಚಪ್ಪಟೆಯಾಗಿತ್ತು. ನೀರಿನಲ್ಲಿ ಮುಳುಗಿದ್ದು, ಹಳದಿ ಬಣ್ಣ ಬಂದಿದ್ದು ಕೆಲವೇ ಕೆಲವು.

"ಅಕ್ಕಾರ, ಅರ್ಧ ನನಗ ಕೊಡ್ರಿ," ಎಂದಳು ಮಾಲಾ. "ಅರ್ಧ ನೀವು ಹಾಕ್ರಿ. ಇಲ್ಲೆ ಆಗಲಿಲ್ಲ ಅಂದ್ರ ಅಲ್ಲೆ ಆಕ್ಕೈತಿ. ಹೊಲದ ಮನಿ ಹಿಂದ ಹಾಕಿ ನಾನಽ ಕಾಯತೀನಿ."

"ನಿಮ್ಮ ಹೊಲದಾಗ? ಅದೇ ಪಂಪ್ ಹೊಡೀಲಿಕ್ಕೇನು?"

"ಪಂಪ್ ಆ ಕಡೆ ಬರದಂಗ ನೋಡಕೊಂತೀನ್ರೀ."

"ಗಂಡನ ಬಾಯಿಗೆ ಬೀಗ ಹಾಕ್ಲಿಕ್ಕೆ ಆಗೂದಿಲ್ಲ, ಪಂಪಿಗೆ ಹಾಕ್ತೀರಾ?"

ಮಾಲಾಳ ಮುಖ ಬಿಗಿಯಿತು. "ನಾ ಹಾಕಲಿಲ್ಲ ಖರೆ. ನನ್ನ ಬಾಯಿಗೂ ಹಾಕಕೊಳ್ಳಲಿಲ್ಲ. ಅದಕ್ಕ ಅವರು ಸುಳ್ಳ ಹೇಳಿದ್ದು ಎಲ್ಲಾರಿಗೂ ಗೊತ್ತಾತು. ನೀವು ನಿಮ್ಮವರ ಬಾಯಿ ತಗಸಾಕ ಆಗಲಿಲ್ಲಲ್ಲ." ಹಾಳೆಯ ಮೇಲಿನ ಬೀಜಗಳ ಕಡೆ ಕೈ ತೋರಿಸಿದಳು. "ಜೂನದಾಗ ಕೇಳಿದ್ದೆ. ಅವತ್ತ ಒಂದ ಸಸಿ ಕೊಟ್ಟಿದ್ರ ಇವತ್ತ ನಮ್ಮ ಹಿತ್ತಲದಾಗ ಗಿಡ ಇರತಿತ್ತು. ನೀವು ಬೀಜ ಉಳಿಸಾಕ ಹೊಂಟಿದ್ರೋ, ನಿಮ್ಮ ಬೀಜ ಅನ್ನೂದನ್ನ ಉಳಿಸಾಕ ಹೊಂಟಿದ್ರೋ?"

ಅಲಕಾ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. "ನಮ್ಮ ತಾಯೀದು ಇದು. ಕಂಡಕಂಡವರಿಗೆ ಹಂಚಲಿಕ್ಕೆ ಬರೂದಿಲ್ಲ."

"ಆತ್ರೀ," ಎಂದು ಮಾಲಾ ಹೋದಳು.

ತಾಯಿ ಆ ಬೀಜವನ್ನು ಕಂಡಕಂಡವರಿಗೆ ಕೊಟ್ಟಿದ್ದರೆಂಬುದು ಅಲಕಾ ಅವರಿಗೆ ಗೊತ್ತಿತ್ತು. ಊರು ಮುಳುಗುವ ಮೊದಲು ಆ ಬದನೆ ಇಡೀ ಓಣಿಯ ಹಿತ್ತಿಲುಗಳಲ್ಲಿ ಇತ್ತು. ಎಲ್ಲರ ಮನೆಯಲ್ಲಿ ಇದ್ದುದರಿಂದ ಯಾರಿಗೂ ಅದು ದೊಡ್ಡದೆನಿಸಿರಲಿಲ್ಲ. ಜನ ಬೇರೆ ಬೇರೆ ಕಡೆ ಚದುರಿದ ಮೇಲೆ ಒಬ್ಬರ ಮನೆಯಲ್ಲಿ ಮಾತ್ರ ಉಳಿಯಿತು, ಆಗ ಅದು ಮನೆತನದ ಆಸ್ತಿಯಾಯಿತು. ಇದನ್ನು ಅಲಕಾ ಯೋಚಿಸಿದರೋ ಇಲ್ಲವೋ, ಮಾಲಾಳನ್ನು ತಿರುಗಿ ಕರೆಯಲಿಲ್ಲ.

ಬೀಜ ನೆರಳಲ್ಲಿ ಒಣಗಿದ ಮೇಲೆ ನವೆಂಬರ್ ಮೊದಲ ವಾರ ಎಲ್ಲವನ್ನೂ ಒಂದೇ ಟ್ರೇಯಲ್ಲಿ ಬಿತ್ತಿದರು. ಹಳೆಯ ಕುಂಡಗಳ ಮಣ್ಣನ್ನು ಬಳಸಲಿಲ್ಲ. ಹೊಸ ಮಣ್ಣು ತರಿಸಿ, ಜರಡಿ ಹಿಡಿದು, ಬೆಚ್ಚಗಿರಲೆಂದು ಟ್ರೇಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟರು. ಗಂಡ ಮುಟ್ಟಬಾರದೆಂದು ತಾಕೀತು ಮಾಡಿದರು. ಪ್ರಹ್ಲಾದರಾವ್ ಮುಟ್ಟಲಿಲ್ಲ.

ಎರಡು ವಾರ ಕಳೆದರೂ ಮೊಳಕೆ ಬರಲಿಲ್ಲ. ಚಳಿಗೆ ತಡವಾಗುತ್ತದೆಂದು ಅಲಕಾ ಡಿಸೆಂಬರ್ ಕೊನೆಯವರೆಗೂ ನೀರು ಚಿಮುಕಿಸಿದರು. ಆಮೇಲೆ ಒಂದು ದಿನ ಬೆರಳಿನಿಂದ ಮಣ್ಣು ಕೆದರಿ ನೋಡಿದರು. ಬೀಜಗಳು ಕೊಳೆತಿದ್ದವು.

ಜನವರಿಯಲ್ಲಿ ಪ್ರಹ್ಲಾದರಾವ್ ಅದೇ ಟ್ರೇಯಲ್ಲಿ ಕೊತ್ತಂಬರಿ ಬಿತ್ತಿದರು. ಅದು ಚೆನ್ನಾಗಿ ಬಂತು.